ಸಾರ್ವಭೌಮವಾ, ಪರಮಾಧಿಕಾರವಾ? ಜಗಲಿಯಲ್ಲಿ ಎದ್ದ ಒಂದು ಜಗಳ

ಅಡಿಕೆ ಅಂಗಳ, ಬದಿಯಡ್ಕ

ಒಂದು ಸಣ್ಣ ಜಗಳ ಬಿಡಿಸಿಕೊಡಿ ಮಾರಾಯ್ರೇ.

ನಮ್ಮದು ಕೇರಳದ ಕಾಸರಗೋಡು. ಮಗಳಿಗೆ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಸಂಜೆ ಜಗಲಿಯಲ್ಲಿ ಕೂತು ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡುತ್ತಿದ್ದಳು. 'ಸಾರ್ವಭೌಮ' ಅಂದದ್ದೇ ತಡ, ಪಕ್ಕದ ಮನೆಯ ಹುಡುಗ 'ತಪ್ಪು, ಅದು ಪರಮಾಧಿಕಾರ' ಅಂದ. ಅವನದ್ದು ಮಲಯಾಳಂ ಮೀಡಿಯಂ. ಒಂದೇ ಶಾಲೆ, ಒಂದೇ ಪಾಠ, ಪುಸ್ತಕ ಮಾತ್ರ ಬೇರೆ. ಇಬ್ಬರೂ ಪುಸ್ತಕ ತಂದು ತೋರಿಸಿದರು. ಇಬ್ಬರದ್ದೂ ಅಚ್ಚಾದದ್ದೇ! ನಾನು ಅಡಿಕೆ ಸುಲಿಯುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

ಆಮೇಲೆ ಮಗಳು ನನ್ನ ಹತ್ತಿರ ಬಂದು ಇನ್ನೊಂದು ಕೇಳಿದಳು. 'ಅಪ್ಪಾ, ಜಾತ್ರೆಯ ಕಾಗದದಲ್ಲಿ ಮಾಯಿಪ್ಪಾಡಿ ಅರಮನೆ ಅಂತ ಇರುತ್ತದಲ್ಲ, ಸೀಮೆಯ ಅರಸರು ಅಂತ. ಅರಸರು ಅಂದರೆ ಸಾರ್ವಭೌಮರಾ?' ಹೌದು ಅಂದೆ. ಆಮೇಲೆ ಅಲ್ಲ ಅಂದೆ. ಆಮೇಲೆ ನಿಮ್ಮ ಮಾಷ್ಟ್ರನ್ನು ಕೇಳು ಅಂದೆ.

ಈಗ ನಾನೇ ಕೇಳುತ್ತಿದ್ದೇನೆ.

ಪೆರ್ಲದ ಮಾಷ್ಟ್ರು

ಇಬ್ಬರು ಮಕ್ಕಳದ್ದೂ ಸರಿ ಅಂಗಳದವರೇ. ಆದರೆ ಎರಡು ಶಬ್ದದ ಹುಟ್ಟು ಬೇರೆ.

ಸಾರ್ವಭೌಮ ಅನ್ನುವುದು ಸರ್ವಭೂಮಿಯಿಂದ ಬಂದದ್ದು. ಎಲ್ಲ ನೆಲದ ಒಡೆಯ. ಎಂಟು ದಿಕ್ಕಿನ ಆನೆಗಳಲ್ಲಿ ಬಡಗಣ ಆನೆಯ ಹೆಸರೂ ಸಾರ್ವಭೌಮವೇ, ಅದು ಇರಲಿ. ಹಳೆಯ ಕಾಲದಲ್ಲಿ ಒಬ್ಬನೇ ಅರಸ ಇದ್ದು ಅವನ ಕೆಳಗೆ ಯಾರೂ ಇಲ್ಲದಿದ್ದರೆ ಅವನನ್ನು ಸಾರ್ವಭೌಮ ಅನ್ನುತ್ತಿರಲಿಲ್ಲ. ಸಾಮಂತರು ಬೇಕು, ಕಪ್ಪ ಬರಬೇಕು, ಬೇರೆ ಅರಸರ ತಲೆ ಅವನ ಮುಂದೆ ಬಾಗಬೇಕು. ವಿಜಯನಗರದ ಹರಿಹರ, ಬುಕ್ಕರು ಕೂಡ ಮೊದಲು ತಮ್ಮನ್ನು ಮಹಾಮಂಡಲೇಶ್ವರ ಎಂದೇ ಬರೆಸಿಕೊಂಡರು. ಅದು ಸಾಮಂತರ ಪದವಿ. ದೊಡ್ಡ ಬಿರುದು ಹಾಕಿಕೊಳ್ಳಲು ಅವರಿಗೂ ಹೊತ್ತು ಹಿಡಿಯಿತು.

ಪರಮಾಧಿಕಾರ ಅನ್ನುವಾಗ ನೆಲದ ಮಾತೇ ಇಲ್ಲ. ಅದಕ್ಕಿಂತ ಮೇಲೆ ಇನ್ನೊಂದು ಅಧಿಕಾರ ಇಲ್ಲ, ಅಷ್ಟೇ. ಕೆಳಗೆ ಯಾರಿದ್ದಾರೆ ಅಂತ ಕೇಳುವುದಿಲ್ಲ, ಮೇಲೆ ಯಾರಿದ್ದಾರೆ ಅಂತ ಕೇಳುತ್ತದೆ.

ಇವತ್ತು ದೇಶಗಳ ವಿಷಯದಲ್ಲಿ ನಾವು ಹೇಳುವುದು ಎರಡನೆಯದ್ದನ್ನು. ವಿಶ್ವಸಂಸ್ಥೆಯ ಸನದಿನ ಎರಡನೇ ವಿಧಿಯಲ್ಲಿ ಎಲ್ಲ ಸದಸ್ಯ ದೇಶಗಳೂ ಸಮಾನ ಸಾರ್ವಭೌಮರು ಎಂದುಂಟು. ಹಳೆಯ ಅರ್ಥದಲ್ಲಿ ನೋಡಿದರೆ ನಗು ಬರುತ್ತದೆ. ಸಭೆ ತುಂಬ ಸಾರ್ವಭೌಮರು, ಕಪ್ಪ ಕೊಡುವವ ಒಬ್ಬನೂ ಇಲ್ಲ!

ಇನ್ನೊಂದು ಅಡ್ಡಮಾತು. ವಿಜಯನಗರದ ಅರಸರಿಗೆ 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬ ಬಿರುದಿತ್ತು. ಅಲ್ಲಿ ಭಾಷೆ ಅಂದರೆ ಕೊಟ್ಟ ಮಾತು. ಕಾಸರಗೋಡಿನವನಿಗೆ ಇದನ್ನು ಓದುವಾಗ ಬೇರೆಯೇ ಅರ್ಥ ಹೊಳೆಯುತ್ತದೆ ನೋಡಿ.

ಚೌಕಿ ಮೂಲೆ, ಕುಂಬಳೆ

ಮಾಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಯಕ್ಷಗಾನ ಆಟದಲ್ಲಿ ರಾಜ ಒಡ್ಡೋಲಗ ಕೊಟ್ಟು ಬಂದು ಏನು ಹೇಳುತ್ತಾನೆ? ಬಲ್ಲಿರೇನಯ್ಯಾ! ಭಾಗವತರು ಅದಕ್ಕೆ ಸರಿಯಾಗಿ ಯಾರೆಂದು ಕೇಳಿದ್ದೀರಿ ಅನ್ನಬೇಕು. ಆಮೇಲೆಯೇ ಅವನು ತಾನು ಯಾರು, ತನ್ನ ರಾಜ್ಯ ಯಾವುದು ಅಂತ ಹೇಳುವುದು. ಭಾಗವತರು ಬಾಯಿ ಮುಚ್ಚಿ ಕೂತರೆ ರಾಜನ ಗತಿ ಎಂತ? ಕಿರೀಟ ಕಟ್ಟಿದ್ದಾನೆ, ಚೆಂಡೆ ಪೆಟ್ಟು ಬಿದ್ದಿದೆ, ಆದರೆ ರಂಗಸ್ಥಳದಲ್ಲಿ ಅವನು ಇನ್ನೂ ಯಾರೂ ಅಲ್ಲ.

ದೇಶಗಳದ್ದೂ ಹಾಗೆಯೇ ಅಲ್ವಾ? ನಾನೊಂದು ದೇಶ ಅಂತ ಒಬ್ಬ ಹೇಳಿದರೆ ಸಾಲದು. ಉಳಿದವರು ಹೌದು ಅನ್ನಬೇಕು.

ಪೆರ್ಲದ ಮಾಷ್ಟ್ರು

ಭೇಷ್. ಅದರ ಬಗ್ಗೆ ಪಂಡಿತರಲ್ಲೇ ಎರಡು ಪಕ್ಷ ಉಂಟು. 1933ರಲ್ಲಿ ಮೊಂಟೆವಿಡಿಯೋದಲ್ಲಿ ಅಮೆರಿಕ ಖಂಡದ ದೇಶಗಳು ಒಂದು ಒಪ್ಪಂದ ಮಾಡಿದವು. ಜನ, ಗೊತ್ತಾದ ನೆಲ, ಸರಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ, ಈ ನಾಲ್ಕು ಇದ್ದರೆ ದೇಶ, ಬೇರೆಯವರು ಒಪ್ಪಲಿ ಬಿಡಲಿ ಅಂತ ಅದರಲ್ಲಿ ಬರೆದರು. ಇನ್ನೊಂದು ಪಕ್ಷದವರು ನಿಮ್ಮ ಹಾಗೆ, ಭಾಗವತರ ಬಾಯಿ ಕಾಯುವವರು. ನಾಲ್ಕನೆಯದ್ದೇ ಸಿಕ್ಕು. ಯಾರೂ ಒಪ್ಪದಿದ್ದರೆ ವ್ಯವಹರಿಸುವುದು ಯಾರ ಜೊತೆ?

ಕೋರ್ಟು ಗುಮಾಸ್ತ, ಕಾಸರಗೋಡು

ಮೊದಲೇ ಹೇಳುತ್ತೇನೆ, ನಾನು ವಕೀಲ ಅಲ್ಲ. ಮೂವತ್ತು ವರ್ಷ ಅವರ ಫೈಲು ಹೊತ್ತವನು.

ಅಂಗಳದವರ ಮಗಳ ಎರಡನೇ ಪ್ರಶ್ನೆಗೆ ಬರುತ್ತೇನೆ. ಮಾಯಿಪ್ಪಾಡಿ ಅರಮನೆಯ ಕುಂಬಳೆ ಅರಸರು ಸಾರ್ವಭೌಮರಾ ಅಂತ. ಕುಂಬಳೆ ಸೀಮೆ ಹಳೆಯದ್ದು. ಅಡೂರು, ಮಧೂರು, ಕಾವು, ಕಣಿಯಾರ ಅಂತ ನಾಲ್ಕು ದೇವಸ್ಥಾನ ಸೀಮೆಗೆ. ಆದರೆ ಮೇಲೆ ಯಾವಾಗಲೂ ಒಬ್ಬರು ಇದ್ದರು. ವಿಜಯನಗರ ಇತ್ತು, ಆಮೇಲೆ ಇಕ್ಕೇರಿ ನಾಯಕರು ಬಂದರು. ಇಕ್ಕೇರಿಯವರೇ ಮೊದಲು ವಿಜಯನಗರದ ಸಾಮಂತರು. ಬೇಕಲ, ಚಂದ್ರಗಿರಿ ಕೋಟೆಗಳು ಆ ನಾಯಕರ ಕಾಲದವು. ಊರಿನ ಅರಸ ಇರುವಾಗ ಬೇರೆಯವರು ಬಂದು ಅವನ ಹೊಳೆಯ ಬದಿಯಲ್ಲಿ ಕೋಟೆ ಕಟ್ಟುತ್ತಾರೆ ಅಂದರೆ ಉಳಿದದ್ದನ್ನು ಹೇಳಬೇಕಾ? 1763ರಲ್ಲಿ ಹೈದರ್ ಆ ನಾಯಕರ ರಾಜಧಾನಿ ಬಿದನೂರು ಹಿಡಿದ. ಟಿಪ್ಪುವಿನ ಕಾಲದಲ್ಲಿ ಕುಂಬಳೆ ಅರಸರು ತಲಶೇರಿಗೆ ಹೋಗಿ ಕೂತರು. 1799ರಲ್ಲಿ ವಾಪಸು ಬಂದು ಸ್ವತಂತ್ರರಾಗಲು ನೋಡಿದರು, ಆಗಲಿಲ್ಲ. 1804ರಲ್ಲಿ ಕಂಪನಿಯಿಂದ ವರ್ಷಕ್ಕೆ ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ ಪಿಂಚಣಿಗೆ ಒಪ್ಪಿದರು.

ಅಲ್ಲಿಂದ ಮುಂದೆ ಕೆನರಾ, ಆಮೇಲೆ ಸೌತ್ ಕೆನರಾ ಜಿಲ್ಲೆ, ಮದ್ರಾಸ್ ಪ್ರಾಂತ್ಯ, ಕಲೆಕ್ಟರು. ಹಾಗಾಗಿ 1947ರಲ್ಲಿ ನಮ್ಮ ಊರಿನಲ್ಲಿ ವಿಲೀನದ ಕಾಗದಕ್ಕೆ ಸಹಿ ಹಾಕುವ ರಾಜನೇ ಇರಲಿಲ್ಲ. ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಮೈಸೂರಿನ ಹಾಗೆ ಕುಂಬಳೆಯೂ ಒಂದು ಸಂಸ್ಥಾನ ಅಂತ ನನ್ನ ಹತ್ತಿರವೇ ವಾದಿಸಿದವರಿದ್ದಾರೆ.

ಅಡಿಕೆ ಅಂಗಳ, ಬದಿಯಡ್ಕ

ಹಾಗಾದರೆ ಮೈಸೂರಿನವರು ಸರಿಯಾದ ಸಾರ್ವಭೌಮರು ಅಂತ ಮಗಳಿಗೆ ಹೇಳಬಹುದಾ?

ಪೆರ್ಲದ ಮಾಷ್ಟ್ರು

ಅವಸರ ಮಾಡಬೇಡಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಹುಡುಗನನ್ನು ಪಟ್ಟಕ್ಕೆ ಕೂರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು. ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ ಕೊಡಬೇಕು, ಸೈನ್ಯ ಕಂಪನಿಯದ್ದು. 1831ರಲ್ಲಿ ಶಿವಮೊಗ್ಗದ ಬದಿಯ ನಗರ ಸೀಮೆಯಲ್ಲಿ ರೈತರ ದಂಗೆ ಎದ್ದಿತು ಎಂಬ ಕಾರಣ ಹೇಳಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡ. ಅರಮನೆ ಬಿಟ್ಟ, ಸಿಂಹಾಸನ ಬಿಟ್ಟ, ರಾಜ್ಯವನ್ನು ಕಮಿಷನರ ಕೈಗೆ ಕೊಟ್ಟ. ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ಮೂವತ್ತೇಳು ವರ್ಷ ನೋಡಿ! ರಾಜರು ಅರಮನೆಯಲ್ಲಿ, ಆಡಳಿತ ಬೆಂಗಳೂರಿನಲ್ಲಿ. ಸಾಹಿತ್ಯ, ಸಂಗೀತ, ಚದುರಂಗ ಇವುಗಳಲ್ಲಿ ಅವರು ಮಾಡಿದ ಕೆಲಸ ಕಡಿಮೆಯದ್ದಲ್ಲ. ಅದೆಲ್ಲ ಮಾಡಲು ಹೊತ್ತು ಹೇಗೆ ಸಿಕ್ಕಿತು ಅಂತ ಯೋಚಿಸಿದರೆ ಮಾತ್ರ ಬೇಸರ ಆಗುತ್ತದೆ.

1881ರ ಮಾರ್ಚ್ 25ಕ್ಕೆ ರಾಜ್ಯ ವಾಪಸು ಕೊಟ್ಟರು. ಜೊತೆಗೆ ಷರತ್ತಿನ ಉದ್ದ ಪಟ್ಟಿ. ವರ್ಷಕ್ಕೆ 35 ಲಕ್ಷ ರೂಪಾಯಿ ಕೊಡಬೇಕು. ಅಪ್ಪಣೆ ಇಲ್ಲದೆ ಹೊಸ ಕೋಟೆ ಕಟ್ಟಬಾರದು. ಸ್ವಂತ ನಾಣ್ಯ ಇಲ್ಲ. ಮುಂದಿನ ಪಟ್ಟ ಯಾರಿಗೆ ಎಂಬುದಕ್ಕೂ ಬ್ರಿಟಿಷರ ಒಪ್ಪಿಗೆ ಬೇಕು. ಇಷ್ಟೆಲ್ಲ ಇದ್ದರೂ ಮೈಸೂರು ಮಹಾರಾಜರಿಗೆ 21 ತೋಪಿನ ಮರ್ಯಾದೆ. ಇಡೀ ದೇಶದಲ್ಲಿ ಅದಕ್ಕಿಂತ ಜಾಸ್ತಿ ಯಾವ ಸಂಸ್ಥಾನಕ್ಕೂ ಇರಲಿಲ್ಲ.

ಒಳ್ಳೆಯ ರಾಜ್ಯ ಆಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಣ್ಣಂಬಾಡಿ ಕಟ್ಟೆ, ವಿಶ್ವವಿದ್ಯಾಲಯ, ಪ್ರಜಾಪ್ರತಿನಿಧಿ ಸಭೆ ಎಲ್ಲ ಆ ಷರತ್ತಿನ ಒಳಗೇ ಆದದ್ದು. ಚೆನ್ನಾಗಿ ಆಳುವುದು ಒಂದು ಮಾತು, ಯಾರನ್ನೂ ಕೇಳದೆ ಆಳುವುದು ಇನ್ನೊಂದು. ಎರಡನ್ನೂ ಬೆರೆಸಿಬಿಟ್ಟರೆ ಮಗುವಿಗೆ ತಲೆಬುಡ ಗೊತ್ತಾಗುವುದಿಲ್ಲ.

1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ವಿಲೀನದ ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿ ಬಿಟ್ಟುಕೊಟ್ಟದ್ದು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಆದರೆ ಆ ಮೂರೂ ಆಗಲೇ ಬ್ರಿಟಿಷರ ಕೈಯಲ್ಲಿದ್ದದ್ದು! ಕಾಗದದ ಮೇಲೆ ಬಿಟ್ಟುಕೊಟ್ಟರು ಅನ್ನಬೇಕು, ಕೈಯಲ್ಲಿ ಎಂದೋ ಇರಲಿಲ್ಲ. ಆಮೇಲೆ ಅವರೇ ರಾಜಪ್ರಮುಖರು, 1956ರಿಂದ ರಾಜ್ಯಪಾಲರು, 1964ರಲ್ಲಿ ಮದ್ರಾಸಿಗೆ ರಾಜ್ಯಪಾಲರು. ಮಹಾರಾಜರಿಗೂ ವರ್ಗಾವಣೆ ಆಯಿತು ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದೆವು.

ಬಂದ್ಯೋಡು ಬುಲೆಟ್

ಇಷ್ಟು ಉದ್ದ ಯಾಕೆ ಮಾಷ್ಟ್ರೇ. ಕೋವಿ ಯಾರ ಕೈಯಲ್ಲಿ ಉಂಟೋ ಅವನು ಸಾರ್ವಭೌಮ. ಉಳಿದದ್ದೆಲ್ಲ ಬಣ್ಣ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಅಂದಳು, ಹೊಡೆದಾಡಿದಳು, ಅದಕ್ಕೇ ಅವಳು ರಾಣಿ. ಮೈಸೂರಿನವರು ಕೊಟ್ಟರು.

ಪೆರ್ಲದ ಮಾಷ್ಟ್ರು

ಕೋವಿ ಬೇಡ ಅನ್ನುವುದಿಲ್ಲ ತಮ್ಮಾ. ಆದರೆ ಅಬ್ಬಕ್ಕನ ಕಥೆಯಲ್ಲಿ ನಿನಗೆ ಕೋವಿ ಕಂಡಿತು, ನನಗೆ ಕಾಣುವುದು ಕಪ್ಪ. ಅವರು ಕೇಳಿದ್ದು ಅವಳ ನೆಲವನ್ನಲ್ಲ. ಅವಳ ಬಂದರಿನ ವ್ಯಾಪಾರ ತಮ್ಮ ಅಪ್ಪಣೆಯಲ್ಲಿ ನಡೆಯಬೇಕು ಅಂದರು. ಕೊಟ್ಟಿದ್ದರೆ ಅರಮನೆ, ಪಲ್ಲಕ್ಕಿ, ಹೆಸರು ಎಲ್ಲ ಉಳಿಯುತ್ತಿತ್ತು.

ದೇರಾ ಕಟ್ಟೆ, ಊರು ಉಪ್ಪಳ

ಇಪ್ಪತ್ತು ವರ್ಷದಿಂದ ದುಬೈಯಲ್ಲಿದ್ದೇನೆ. ನೀವೆಲ್ಲ ಹಳೆಯ ರಾಜರ ಮಾತಾಡುತ್ತೀರಿ, ನಾನು ಇರುವುದೇ ರಾಜರ ಊರಿನಲ್ಲಿ. ಅದರದ್ದೊಂದು ಹೇಳುತ್ತೇನೆ.

ಇಲ್ಲಿನ ಶೇಖ್‌ಗಳು 1892ರಲ್ಲಿ ಬ್ರಿಟಿಷರಿಗೆ ಒಂದು ಒಪ್ಪಂದ ಬರೆದುಕೊಟ್ಟಿದ್ದರು. ಬ್ರಿಟಿಷರನ್ನು ಬಿಟ್ಟು ಬೇರೆ ಯಾವ ಸರಕಾರದ ಜೊತೆಯೂ ಪತ್ರ ವ್ಯವಹಾರ ಕೂಡ ಇಲ್ಲ ಅಂತ. ಮಾಷ್ಟ್ರು ಹೇಳಿದ ಮೈಸೂರಿನ ಕಥೆಯೇ. ಒಳಗೆ ರಾಜರು, ಹೊರಗೆ ಬಾಯಿ ಇಲ್ಲ.

ದುಡ್ಡಿನ ಕಥೆ ಇನ್ನೂ ತಮಾಷೆ. ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ! ಆ ರೂಪಾಯಿ ಕೊಟ್ಟು ಚಿನ್ನ ಕೊಂಡು ಭಾರತಕ್ಕೆ ಕಳ್ಳಸಾಗಣೆ ಮಾಡುವವರು ಜಾಸ್ತಿಯಾದರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫ್ ರೂಪಾಯಿ ಅಂತ ಬೇರೆ ನೋಟು ಅಚ್ಚು ಹಾಕಿತು. ಇಲ್ಲಿ ಮಾತ್ರ ನಡೆಯುವಂಥದ್ದು. 1966ರಲ್ಲಿ ದೆಹಲಿಯಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಇಲ್ಲಿ ಶೇಖ್‌ಗಳ ಕಿಸೆಯಲ್ಲಿದ್ದ ದುಡ್ಡಿನ ಬೆಲೆಯೂ ಇಳಿಯಿತು. ಅವರು ಯಾರಿಗೂ ಏನೂ ಮಾಡಿರಲಿಲ್ಲ. ಆಗಲೇ ಇಲ್ಲಿ ರೂಪಾಯಿ ಬಿಟ್ಟರು.

1971ರ ಡಿಸೆಂಬರ್ 2ಕ್ಕೆ ಶೇಖ್‌ಗಳ ಆರು ರಾಜ್ಯ (ಎಮಿರೇಟ್) ಸೇರಿ ಯುಎಇ ಅಂತ ಒಂದು ದೇಶ ಆಯಿತು. ಏಳನೆಯದು ರಾಸ್ ಅಲ್ ಖೈಮಾ, ಮುಂದಿನ ಫೆಬ್ರವರಿಯಲ್ಲಿ ಸೇರಿತು. ಇವರ ಸಂವಿಧಾನ ಬೇರೆ ಥರ. ಒಕ್ಕೂಟಕ್ಕೆ ಕೊಡದೆ ಉಳಿದ ವಿಷಯಗಳಲ್ಲಿ ಪ್ರತಿ ಎಮಿರೇಟೂ ತನ್ನ ನೆಲದಲ್ಲಿ ಸಾರ್ವಭೌಮ ಅಂತಲೇ ಬರೆದುಂಟು. ಎಣ್ಣೆ ಆಯಾ ಎಮಿರೇಟಿನ ಸೊತ್ತು. ಒಂದು ಮನೆ, ಏಳು ಒಲೆ.

ನಮ್ಮ ರಾಜ್ಯಗಳೂ ಹಾಗೆಯಾ ಗುಮಾಸ್ತರೇ?

ಕೋರ್ಟು ಗುಮಾಸ್ತ, ಕಾಸರಗೋಡು

ಅಲ್ಲ. ಪಶ್ಚಿಮ ಬಂಗಾಳ ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಲ್ಲಿದ್ದಲು ಇರುವ ತನ್ನ ಜಾಗವನ್ನು ಕೇಂದ್ರ ತೆಗೆದುಕೊಳ್ಳಬಾರದು, ತಾನೂ ಸಾರ್ವಭೌಮ ಅಂತ. 1962ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ನಮ್ಮಲ್ಲಿ ಅಡುಗೆ ಬೇರೆ ಮಾಡಬಹುದು, ಮನೆಯ ಪಟ್ಟೆ, ಅಂದರೆ ಹಕ್ಕುಪತ್ರ, ಒಂದೇ.

ಮುಳ್ಳೇರಿಯದಕ್ಕ

ನಿಮ್ಮ ಸಂವಿಧಾನ, ಒಪ್ಪಂದ ಎಲ್ಲ ಸರಿ. ನನ್ನ ಅಜ್ಜಿಯ ಕಣ್ಣಿನಿಂದ ಒಮ್ಮೆ ನೋಡಿ.

ಅವರು ಗೇಣಿಯ ಒಕ್ಕಲು. ಅವರಿಗೆ ಲಂಡನಿನ ರಾಜನೂ ಗೊತ್ತಿರಲಿಲ್ಲ, ಕುಂಬಳೆ ಅರಸರೂ ಹೆಸರಿಗೆ ಮಾತ್ರ. ಗೊತ್ತಿದ್ದದ್ದು ಧಣಿಗಳು. ಗೇಣಿ ಎಷ್ಟು ಸೇರು, ಗದ್ದೆ ಇರುತ್ತದಾ ಹೋಗುತ್ತದಾ, ಮಗನನ್ನು ಶಾಲೆಗೆ ಕಳಿಸಬಹುದಾ, ಎಲ್ಲ ಧಣಿಗಳ ಬಾಯಲ್ಲಿ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. ನಮ್ಮ ಮನೆಗೆ ಬಂದದ್ದು 1970ರ ಜನವರಿ 1ಕ್ಕೆ, ಗೇಣಿ ಪದ್ಧತಿ ಹೋದಾಗ. ಅಜ್ಜಿ ಆ ದಿನವನ್ನು ನೆನಪಿಟ್ಟಿದ್ದರು. ಅಗಸ್ಟ್ 15 ಕೇಳಿದರೆ ಮಕ್ಕಳಿಗೆ ಮಿಠಾಯಿ ಕೊಡುವ ದಿನ ಅನ್ನುತ್ತಿದ್ದರು.

ಆದರೆ ಆ ಧಣಿಗಳು ಕೂಡ ವರ್ಷಕ್ಕೊಮ್ಮೆ ಅಂಗಿ ತೆಗೆದು ಹೆಗಲಿಗೆ ಶಾಲು ಹಾಕಿ ದೈವದ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಭಂಡಾರ ಇಳಿದು, ದೈವ ಗಗ್ಗರ ಕಟ್ಟಿ ಬಂದ ಮೇಲೆ ಮಾತಾಡುವುದು ದೈವ. ಧಣಿಗಳು ಹೌದು ಅನ್ನಬೇಕು. ವರ್ಷ ಇಡೀ ಧಣಿಗಳ ಅಂಗಳದ ಬದಿಗೂ ಬಾರದ ಜಾತಿಯವನ ಮೈಮೇಲೆ ಬಂದ ದೈವ ಅದು. 'ಒಕ್ಕಲಿನ ಕಣ್ಣೀರು ಯಾಕೆ ಬಿತ್ತು' ಅಂತ ಕೇಳಿದರೆ ಉತ್ತರ ಕೊಡಬೇಕು. ಮರುದಿನ ಬೆಳಿಗ್ಗೆ ಎಲ್ಲ ಮೊದಲಿನ ಹಾಗೆಯೇ, ಅದು ಬೇರೆ. ದೈವ ಹೋದ ಮೇಲೆ ಆ ಮನುಷ್ಯ ಎಲ್ಲಿ ಕೂತು ಊಟ ಮಾಡಿದ ಅಂತಲೂ ನೋಡಬೇಕಲ್ಲ.

ಆ ರಾತ್ರಿಯ ಮಟ್ಟಿಗೆ ಸಾರ್ವಭೌಮ ಯಾರು? ಇದನ್ನೂ ಮಗುವಿಗೆ ಹೇಳಿ.

ಚೌಕಿ ಮೂಲೆ, ಕುಂಬಳೆ

ಅಕ್ಕ ಹೇಳಿದ ಮೇಲೆ ನನಗೆ ಅನಂತಪುರ ನೆನಪಾಯಿತು. ನಮ್ಮ ಕೆರೆಯ ದೇವಸ್ಥಾನ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅದೇ ಅನ್ನುವ ನಂಬಿಕೆ. ಬಬಿಯ ಮೊಸಳೆ 2022ರಲ್ಲಿ ಹೋಯಿತಲ್ಲ, ಆ ಕೆರೆ. ತಿರುವನಂತಪುರದ ರಾಜರು ರಾಜ್ಯವನ್ನೇ ದೇವರಿಗೆ ಬರೆದುಕೊಟ್ಟಿದ್ದರಂತೆ. ನಿಜವಾ?

ಕೋರ್ಟು ಗುಮಾಸ್ತ, ಕಾಸರಗೋಡು

ನಿಜ. 1750ರ ಜನವರಿ. ಮಾರ್ತಾಂಡ ವರ್ಮ ತಿರುವಾಂಕೂರು ರಾಜ್ಯವನ್ನು ಪದ್ಮನಾಭಸ್ವಾಮಿಗೆ ಅರ್ಪಿಸಿದರು. ತೃಪ್ಪಡಿದಾನಂ ಅನ್ನುತ್ತಾರೆ. ಅಲ್ಲಿಂದ ಅವರು ಪದ್ಮನಾಭದಾಸ. ರಾಜ್ಯ ದೇವರದ್ದು, ತಾನು ನೋಡಿಕೊಳ್ಳುವವನು.

ಭಕ್ತಿ ಇತ್ತು, ಒಪ್ಪುತ್ತೇನೆ. ಬುದ್ಧಿಯೂ ಇತ್ತು. ಅಕ್ಕಪಕ್ಕದ ಸಣ್ಣ ರಾಜ್ಯಗಳನ್ನು ಗೆದ್ದು ಸೇರಿಸಿಕೊಂಡ ಹೊಸತು ಅದು. ರಾಜನ ವಿರುದ್ಧ ಕತ್ತಿ ಎತ್ತಬಹುದು, ದೇವರ ವಿರುದ್ಧ ಎತ್ತುವುದು ಹೇಗೆ?

ಆ ತಿರುವಾಂಕೂರಿಗೆ ಸ್ವಂತ ಚಕ್ರಂ ನಾಣ್ಯ ಇತ್ತು, ಸ್ವಂತ ಅಂಚಲು, ಅಂದರೆ ಅಂಚೆ, ಇತ್ತು. ತಾವು ಹೋಗುವಾಗ ಸಂಸ್ಥಾನಗಳ ಮೇಲಿನ ತಮ್ಮ ಮೇಲಧಿಕಾರ ಮುಗಿಯುತ್ತದೆ ಅಂತ ಬ್ರಿಟಿಷರು ಮೊದಲೇ ಹೇಳಿದ್ದರು (ಆಮೇಲೆ ಅದು ಕಾನೂನಿನಲ್ಲೂ ಬಂತು). ಅದನ್ನು ಹಿಡಿದು ದಿವಾನ ಸಿ. ಪಿ. ರಾಮಸ್ವಾಮಿ ಅಯ್ಯರ್ 1947ರ ಜೂನಿನಲ್ಲಿ ತಿರುವಾಂಕೂರು ಸ್ವತಂತ್ರ ದೇಶ ಆಗುತ್ತದೆ ಅಂದರು. ಜನ ಒಪ್ಪಲಿಲ್ಲ. ಜುಲೈ 25ಕ್ಕೆ ದಿವಾನರಿಗೇ ಕತ್ತಿಯೇಟು ಬಿತ್ತು. ಕೆಲವೇ ದಿನದಲ್ಲಿ ಮಹಾರಾಜರು ಭಾರತಕ್ಕೆ ಸೇರುತ್ತೇವೆ ಅಂದರು. ಚೌಕಿಯವರ ಮಾತಿನಲ್ಲಿ ಹೇಳುವುದಾದರೆ ಒಡ್ಡೋಲಗ ಭರ್ಜರಿಯಾಗಿತ್ತು, ಭಾಗವತರು ಬಾಯಿ ಬಿಡಲಿಲ್ಲ. ಇಲ್ಲಿ ಭಾಗವತರು ಬೇರೆ ದೇಶಗಳಲ್ಲ, ಊರಿನ ಜನವೇ.

ಆಮೇಲೆ ರಾಜಧನದ ಕಥೆ, ಅಂದರೆ ಮಾಜಿ ರಾಜರಿಗೆ ಸರಕಾರ ವರ್ಷ ವರ್ಷ ಕೊಡುತ್ತಿದ್ದ ದುಡ್ಡು. ಎಲ್ಲ ಮಾಜಿ ರಾಜರಿಗೂ ಸಂವಿಧಾನದಲ್ಲೇ ಭರವಸೆ ಇತ್ತು. ಮೈಸೂರಿಗೆ ವರ್ಷಕ್ಕೆ 26 ಲಕ್ಷ. ಸೌರಾಷ್ಟ್ರದ ಕಡೆ ಕಟೋಡಿಯಾ ಅಂತ ಒಂದು ಪುಟ್ಟ ಸಂಸ್ಥಾನಕ್ಕೆ ವರ್ಷಕ್ಕೆ 192 ರೂಪಾಯಿ. 1970ರಲ್ಲಿ ಅದನ್ನು ತೆಗೆಯುವ ತಿದ್ದುಪಡಿ ರಾಜ್ಯಸಭೆಗೆ ಬಂದಾಗ 149 ಪರ, 75 ವಿರುದ್ಧ. ಮೂರರಲ್ಲಿ ಎರಡು ಪಾಲು ಬೇಕು. ಲೆಕ್ಕ ಮಾಡಿ ನೋಡಿ, ಒಂದು ಪೂರ್ತಿ ಮತವೂ ಅಲ್ಲ, ಮತದ ಒಂದು ಚೂರು ಕಡಿಮೆ! ಸರಕಾರ ರಾಷ್ಟ್ರಪತಿಗಳ ಆದೇಶದಿಂದ ರಾಜರ ಮಾನ್ಯತೆ ತೆಗೆಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಕೊನೆಗೆ 1971ರ 26ನೇ ತಿದ್ದುಪಡಿಯಲ್ಲಿ ಎಲ್ಲ ಹೋಯಿತು.

ಆದರೆ ಬಾಲ ಉಳಿಯಿತು. ರಾಜನೇ ಇಲ್ಲದ ಮೇಲೆ ಪದ್ಮನಾಭನ ದೇವಸ್ಥಾನ ನೋಡಿಕೊಳ್ಳುವ ಹಕ್ಕು ಆ ಮನೆತನಕ್ಕೆ ಹೇಗೆ ಅಂತ ಕೇಸಾಯಿತು. ಕೇರಳ ಹೈಕೋರ್ಟು 2011ರಲ್ಲಿ ಇಲ್ಲ ಅಂದಿತು. ಸುಪ್ರೀಂ ಕೋರ್ಟು 2020ರ ಜುಲೈಯಲ್ಲಿ ಉಂಟು ಅಂದಿತು. ರಾಜತನ ಹೋಗಿದೆ, ದೇವರ ಸೇವಕರಾಗಿ ಇದ್ದ ಹಕ್ಕು ಹೋಗಿಲ್ಲ ಅಂತ ತಾತ್ಪರ್ಯ.

ಅಂಗಳದವರೇ, ನಿಮ್ಮ ಮಗಳು ಜಾತ್ರೆಯ ಕಾಗದದಲ್ಲಿ ನೋಡಿದ್ದು ಆ ಥರದ್ದು. ಸೀಮೆಯ ಮರ್ಯಾದೆ ಬೇರೆ, ಆಳ್ವಿಕೆ ಬೇರೆ.

ಗಡಿನಾಡಿನವ, ಮಂಜೇಶ್ವರ

ಎಲ್ಲ ರಾಜರ ಕಥೆ ಆಯಿತು. ನಮ್ಮ ಕಥೆ ಯಾರು ಹೇಳುವುದು? 1956ರ ಅಕ್ಟೋಬರ್ 31ಕ್ಕೆ ಮಲಗುವಾಗ ಮದ್ರಾಸಿನವರು, ನವೆಂಬರ್ 1ಕ್ಕೆ ಏಳುವಾಗ ಕೇರಳದವರು. ನಮ್ಮನ್ನು ಯಾರು ಕೇಳಿದರು? ಗಡಿ ಪ್ರಶ್ನೆ ನೋಡಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಬಡಗು ಕರ್ನಾಟಕಕ್ಕೆ ಅಂದಿತು. ಆ ಕಾಗದ ಎಲ್ಲಿ? ಜನರೇ ಸಾರ್ವಭೌಮರು ಅಂತ ಪೀಠಿಕೆಯಲ್ಲಿ ಬರೆದರೆ ಸಾಕಾ?

ಬಂದ್ಯೋಡು ಬುಲೆಟ್

ಶುರುವಾಯಿತು 😀

ಕೋರ್ಟು ಗುಮಾಸ್ತ, ಕಾಸರಗೋಡು

ನಗಬೇಡ ಬುಲೆಟ್. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ಅದನ್ನು ಇಡಬೇಕಾದ ಜಾಗ ಬೇರೆ.

ಸಂವಿಧಾನದ ಮೂರನೇ ವಿಧಿ ನೋಡಿ. ರಾಜ್ಯದ ಗಡಿ ಬದಲಿಸಲು ಸಂಸತ್ತಿಗೆ ಸಾಮಾನ್ಯ ಕಾನೂನು ಸಾಕು. ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಊರಿನವರನ್ನು ಕೇಳುವ ಮಾತೇ ಇಲ್ಲ.

ಈಗ ಇನ್ನೊಂದು ಊರು ನೋಡಿ. ಬಂಗಾಳದ ಬೇರುಬಾರಿ. 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ನೂನ್ ಅದನ್ನು ಅರ್ಧರ್ಧ ಹಂಚಿಕೊಳ್ಳುವುದು ಅಂತ ಮಾತಾಡಿಕೊಂಡರು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟನ್ನು ಕೇಳಿದರು. 1960ರಲ್ಲಿ ಕೋರ್ಟು ಹೇಳಿತು: ದೇಶದ ನೆಲ ಹೊರಗಿನವರಿಗೆ ಕೊಡಬೇಕಾದರೆ ಮೂರನೇ ವಿಧಿ ಸಾಲದು, ಸಂವಿಧಾನವನ್ನೇ ತಿದ್ದಬೇಕು. ಒಂಬತ್ತನೇ ತಿದ್ದುಪಡಿ ಬಂದದ್ದು ಹಾಗೆ. 2015ರಲ್ಲಿ ಬಾಂಗ್ಲಾದೇಶದ ಜೊತೆ ನಮ್ಮ 111 ತುಂಡು, ಅವರ 51 ತುಂಡು ಅದಲುಬದಲು ಮಾಡುವಾಗಲೂ ನೂರನೇ ತಿದ್ದುಪಡಿ ಬೇಕಾಯಿತು. ಅಲ್ಲಿನ ಜನರಿಗೆ ಯಾವ ದೇಶ ಬೇಕು ಅಂತ ಆರಿಸಿಕೊಳ್ಳಲು ಅವಕಾಶವೂ ಇತ್ತು.

ಬೇರುಬಾರಿ ಸಾರ್ವಭೌಮತ್ವದ ಗಡಿ, ನಮ್ಮ ತಲಪಾಡಿ ಆಡಳಿತದ ಗಡಿ. ಅದಕ್ಕೆ ನಮ್ಮದು ಹಗುರ ಅಂತ ಅಲ್ಲ. ಕನ್ನಡ ಶಾಲೆಗೆ ಕನ್ನಡ ಬರುವ ಮಾಷ್ಟ್ರು, ಕಚೇರಿಯಲ್ಲಿ ಕನ್ನಡದ ಅರ್ಜಿ, ಇದಕ್ಕೆ ಆಧಾರ 350ಎ ವಿಧಿ, ಕೇರಳದ 1969ರ ಆಡಳಿತ ಭಾಷಾ ಕಾನೂನು. ಅದನ್ನು ಹಿಡಿದು ಕೇಳಬೇಕು. ಸಾರ್ವಭೌಮ ಅನ್ನುವ ಶಬ್ದ ಹಿಡಿದು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ಗಡಿನಾಡಿನವ, ಮಂಜೇಶ್ವರ

ಕಾನೂನು ಗೊತ್ತಾಯಿತು. ಹೊಟ್ಟೆಯೊಳಗಿನ ಸಂಕಟಕ್ಕೆ ಎಷ್ಟನೇ ವಿಧಿ ಗುಮಾಸ್ತರೇ?

ಮುಳ್ಳೇರಿಯದಕ್ಕ

ಆಡಳಿತದ ಗಡಿ ಅಂತ ಹೇಳುವುದು ಸುಲಭ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ಮುಚ್ಚಿ, ರಸ್ತೆಗೆ ಲಾರಿ ಲಾರಿ ಮಣ್ಣು ಬಿದ್ದದ್ದು ಮರೆತಿರಾ? ನನ್ನ ಮಾವನವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳೂರಿನಲ್ಲಿ. ಮನೆಯಿಂದ ಹೊರಟ ಆಂಬುಲೆನ್ಸ್ ಮಣ್ಣಿನ ರಾಶಿಯ ಮುಂದೆ ನಿಂತಿತು. ಎರಡು ಗಂಟೆ ನಿಂತು ವಾಪಸು ಬಂದೆವು. ಆಮೇಲೆ ಬೇರೆ ಕಡೆ ವ್ಯವಸ್ಥೆ ಆಯಿತು, ದೇವರು ದೊಡ್ಡವನು. ಎಲ್ಲರಿಗೂ ಆಗಲಿಲ್ಲ. ಆ ದಿನ ಆ ಮಣ್ಣೇ ನಮಗೆ ಸಾರ್ವಭೌಮ.

ಕೋರ್ಟು ಗುಮಾಸ್ತ, ಕಾಸರಗೋಡು

ಮರೆತಿಲ್ಲ ಅಕ್ಕ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಒಂದು ವಾರದಲ್ಲಿ ರೋಗಿಗಳನ್ನು ಬಿಡುವುದಕ್ಕೆ ನಿಯಮ ಆಯಿತು. ಎರಡು ದೇಶಗಳ ನಡುವೆ ಆಗಿದ್ದರೆ ಹೇಳಲು ಇಬ್ಬರಿಗೂ ಮೇಲಿನವರೇ ಇರುತ್ತಿರಲಿಲ್ಲ. ಇಲ್ಲಿ ಇದ್ದರು, ಆದರೆ ತಡವಾಯಿತು. ಇದಕ್ಕಿಂತ ಜಾಸ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ದೇರಾ ಕಟ್ಟೆ, ಊರು ಉಪ್ಪಳ

ಒಂದು ಸಣ್ಣ ಪ್ರಶ್ನೆ. ಜನರೇ ಸಾರ್ವಭೌಮರು ಅಂದ ಮೇಲೆ ಇಂಗ್ಲೆಂಡ್, ಜಪಾನ್, ಬೆಲ್ಜಿಯಂ ಇಲ್ಲೆಲ್ಲ ರಾಜರು ಎಂತ ಮಾಡುತ್ತಿದ್ದಾರೆ?

ಪೆರ್ಲದ ಮಾಷ್ಟ್ರು

ಒಂದೊಂದು ಕಡೆ ಒಂದೊಂದು. ಜಪಾನಿನ 1947ರ ಸಂವಿಧಾನದಲ್ಲಿ ಚಕ್ರವರ್ತಿ ದೇಶದ ಗುರುತು ಮಾತ್ರ, ಸಾರ್ವಭೌಮ ಅಧಿಕಾರ ಜನರದ್ದು ಅಂತ ನೇರ ಬರೆದುಂಟು. ಇಂಗ್ಲೆಂಡಿನಲ್ಲಿ ರಾಜನೂ ಸಂಸತ್ತೂ ಸೇರಿದ್ದೇ ಸಾರ್ವಭೌಮ. ಇದನ್ನು ತೀರ್ಮಾನ ಮಾಡಲು 1649ರಲ್ಲಿ ಒಬ್ಬ ರಾಜನ ತಲೆ ಕಡಿದರು, 1688ರಲ್ಲಿ ಇನ್ನೊಬ್ಬ ಓಡಿಹೋದ.

ಬೆಲ್ಜಿಯಂನದ್ದು ನನಗೆ ಇಷ್ಟದ ಕಥೆ. 1990ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆ ಪಾಸಾಯಿತು. ದೊರೆ ಬೋದುವಾಂ ಸಹಿ ಹಾಕಲು ತನ್ನ ಮನಸ್ಸು ಒಪ್ಪುವುದಿಲ್ಲ ಅಂದ. ಸಹಿ ಇಲ್ಲದೆ ಕಾನೂನಿಲ್ಲ. ಮಂತ್ರಿಗಳು ಒಂದು ಉಪಾಯ ಮಾಡಿದರು. ದೊರೆ ಸದ್ಯಕ್ಕೆ ಆಳುವ ಸ್ಥಿತಿಯಲ್ಲಿಲ್ಲ ಅಂತ ಏಪ್ರಿಲ್ 4ಕ್ಕೆ ಹೇಳಿದರು. ತಾವೇ ಸಹಿ ಹಾಕಿದರು. ಮರುದಿನ ಸಂಸತ್ತು ಸೇರಿ ದೊರೆ ಈಗ ಸರಿಯಾಗಿದ್ದಾನೆ ಅಂತ ಪುನಃ ಕೂರಿಸಿತು. ದೊರೆಯ ಮನಸ್ಸೂ ಉಳಿಯಿತು, ಕಾನೂನೂ ಆಯಿತು.

ಬುಲೆಟ್, ನಿನ್ನ ಕೋವಿ ಇಲ್ಲಿ ಎಲ್ಲುಂಟು ಹೇಳು.

ಬಂದ್ಯೋಡು ಬುಲೆಟ್

ಇಲ್ಲ ಮಾಷ್ಟ್ರೇ, ಇದಕ್ಕೆ ಉತ್ತರ ಇಲ್ಲ. ಆದರೆ 1649ರಲ್ಲಿ ಕೊಡಲಿ ಇತ್ತಲ್ಲ!

ಅಡಿಕೆ ಅಂಗಳ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಎರಡು ದಿನ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ, ಇಲ್ಲಿಗೆ ಬರಲು ಆಗಲಿಲ್ಲ. ಮಗಳಿಗೆ ಎಲ್ಲ ಓದಿ ಹೇಳಿದೆ. ಮುಮ್ಮಡಿಯವರದ್ದು ಕೇಳಿ 'ಪಾಪ' ಅಂದಳು. 192 ರೂಪಾಯಿ ರಾಜನಿಗೆ ತುಂಬ ನಕ್ಕಳು. ಅಕ್ಕನ ಮಾವನವರ ವಿಷಯ ಬಂದಾಗ ಮಾತಾಡಲಿಲ್ಲ.

ನೋಟ್ಸಿನಲ್ಲಿ ಸಾರ್ವಭೌಮ ಅಂತ ಬರೆದು, ಅದರ ಕೆಳಗೆ ಪರಮಾಧಿಕಾರ ಅಂತ ಪಕ್ಕದ ಮನೆಯವನ ಹತ್ತಿರ ಮಲಯಾಳಂ ಅಕ್ಷರದಲ್ಲಿ ಬರೆಸಿಕೊಂಡಿದ್ದಾಳೆ. ಅವನ ಪುಸ್ತಕದಲ್ಲಿ ಇವಳು ಕನ್ನಡದಲ್ಲಿ ಬರೆದುಕೊಟ್ಟಳಂತೆ. ಅವನಿಗೆ 'ಭೌ' ಬರೆಯಲು ಬರುವುದಿಲ್ಲ, ಇವಳು ಅದಕ್ಕೆ ಈಗ ದಿನಾ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾಳೆ.

ಗುಮಾಸ್ತರೇ, ಆ 350ಎ ವಿಧಿಯದ್ದು ಕನ್ನಡ ಪಾಠ ನಿಮ್ಮ ಹತ್ತಿರ ಇದ್ದರೆ ಕಳಿಸಿ. ಪಿಟಿಎ ಮೀಟಿಂಗಿಗೆ ಬೇಕಿತ್ತು.